ಆಳು ಮಾಡಿದ್ದು ಹಾಳಾಗುವುದೇಕೆ?

“ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ” ಎಂಬ ಗಾದೆಯನ್ನು ಕೇಳದ ಬೇಸಾಯಗಾರನು ಕನ್ನಡ ನಾಡಿನಲ್ಲಿ ಇರಲಾರನು. ತನ್ನ ಹೊಲವನ್ನು ತಾನೇ ನೋಡಿಕೊಳ್ಳಬೇಕೆಂಬ ಬುದ್ಧಿವಾದವಾಗಿ ಈ ಮಾತು ಯೋಗ್ಯವಾದುದೇ ಸರಿ. ಆದರೆ ಈಚೆಗೆ ಇದು ಬುದ್ಧಿವಾದವಾಗಿ ಉಳಿಯದೆ, ಆಳುಗಳ ಮೇಲೆ ಹೊರಿಸುವ ಅಪವಾದವಾಗಿ ಪರಿಣಮಿಸಿದೆ. ಪೈರು ಹಾಳಾದರೆ ಆಳಿನ ಸೋಮಾರಿತನ, ಉಪಕರಣ ಮುರಿದರೆ ಆಳಿನ ಅಜಾಗರೂಕತೆ, ಕೆಲಸಕ್ಕೆ ಜನ ಬಾರದಿದ್ದರೆ ಕಾಲದ ಮಹಿಮೆ, ಎಂದು ಹೇಳಿ ಯಜಮಾನರು ಸಮಾಧಾನಪಟ್ಟುಕೊಳ್ಳುತ್ತಾರೆ. ಆಳು ಮಾಡಿದ ಕೆಲಸವು ಏತಕ್ಕಾಗಿ ಹಾಳಾಯಿತೆಂದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ವಿಚಾರಿಸುವವರು ವಿರಳ. ಹಾಗೆ ವಿಚಾರಿಸಿದಲ್ಲಿ, ಹತ್ತರಲ್ಲಿ ಹಲವು ಸಂದರ್ಭಗಳಲ್ಲಿ ಯಜಮಾನನು ಕೊಡಬೇಕಾಗಿದ್ದ ಯಾವುದೋ ಒಂದನ್ನು ಕೊಡದೆ ಹೋದುದೇ ಕಾರಣವೆಂದು ಕಂಡುಬರುವುದು.

ಹಿಂದಿನ ಕಾಲದಲ್ಲಿ ಆಳುಗಳು ನಿಷ್ಠೆಯಿಂದ ದುಡಿಯುತ್ತಿದ್ದರೆಂದು ಹಿರಿಯರು ಆಗಾಗ್ಗೆ ಹೇಳುವುದುಂಟು. ಆ ನಿಷ್ಠೆಯಲ್ಲಿ ಪ್ರೀತಿಯ ಭಾಗ ಎಷ್ಟು, ಭಯದ ಭಾಗ ಎಷ್ಟು ಎಂಬುದನ್ನು ಮರೆಯತಕ್ಕುದಲ್ಲ. ಮದುವೆಗೋ ಕಾಯಿಲೆಗೋ ತೆಗೆದುಕೊಂಡ ಅಲ್ಪ ಸಾಲಕ್ಕಾಗಿ ತಂದೆಯು ಜೀತಕ್ಕೆ ಸೇರಿ, ಆ ಸಾಲವು ತೀರದೆ ಮಗನೂ ಅದೇ ಮನೆಯ ಕೊಟ್ಟಿಗೆಯಲ್ಲಿ ಬೆಳೆದ ಉದಾಹರಣೆಗಳು ಎಷ್ಟೋ ಗ್ರಾಮಗಳಲ್ಲಿವೆ. 1976ರ ಶಾಸನವು ಜೀತಪದ್ಧತಿಯನ್ನು ರದ್ದುಗೊಳಿಸಿ ಅಂತಹ ಸಾಲಗಳನ್ನೂ ವಜಾ ಮಾಡಿತು. 2005ರಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಶಾಸನವು ಬಂದ ಮೇಲೆ, ಯಜಮಾನನ ಬಾಗಿಲಲ್ಲದೆ ಮತ್ತೊಂದು ಬಾಗಿಲೂ ಉಂಟೆಂಬುದು ಕೂಲಿಕಾರನಿಗೆ ತಿಳಿಯಿತು. ರಸ್ತೆ, ಬಸ್ಸು, ದೂರವಾಣಿಗಳು ಪಟ್ಟಣವನ್ನು ಹಳ್ಳಿಯ ಸಮೀಪಕ್ಕೆ ತಂದಿವೆ. ಇವುಗಳ ಫಲವಾಗಿ ಕೂಲಿಕಾರನು ಇಂದು ಯಾರ ಹೊಲಕ್ಕೆ ಹೋಗಬೇಕೆಂಬುದನ್ನು ತಾನೇ ಆರಿಸಿಕೊಳ್ಳುತ್ತಾನೆ. ಇದು ನ್ಯಾಯವಾದ ಬದಲಾವಣೆ. ಆದಕಾರಣ, ಹಿಂದೆ ಕಟ್ಟಿಹಾಕಿ ಮಾಡಿಸಿಕೊಳ್ಳುತ್ತಿದ್ದ ಕೆಲಸವನ್ನು ಇನ್ನು ಮುಂದೆ ಮನವೊಲಿಸಿ ಮಾಡಿಸಿಕೊಳ್ಳಬೇಕಾಗಿದೆ.

ಮಲೆನಾಡಿನ ಅಡಿಕೆ ತೋಟದ ಒಂದು ನಿದರ್ಶನದಿಂದ ಈ ವಿಷಯವು ವಿಶದವಾಗುವುದು. ಮಳೆಗಾಲ ಹಿಡಿದೊಡನೆ ಅಡಿಕೆಯ ಗೊನೆಗೆ ಕೊಳೆರೋಗವು ತಗಲಿ, ಎಳೆಯ ಕಾಯಿಗಳು ಕೊಳೆತು ಉದುರುವುದು ಸರ್ವರಿಗೂ ವಿದಿತವಾದ ಸಂಗತಿ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ರವರು ಈ ರೋಗದ ಕಾರಣವನ್ನು ಶೋಧಿಸಿ, 1910ರ ಸುಮಾರಿನಲ್ಲಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಪ್ರಚಾರಕ್ಕೆ ತಂದರು. ಶತಮಾನವೇ ಕಳೆದರೂ ಆ ಔಷಧವೇ ಇಂದಿಗೂ ತೋಟಗಾರನ ಮುಖ್ಯ ಆಧಾರವಾಗಿದೆ. ಆದರೆ ಎಂತಹ ಶ್ರೇಷ್ಠ ಶೋಧನೆಯಾದರೂ ತಾನಾಗಿಯೇ ಮರವನ್ನು ಹತ್ತಲಾರದು. ನಲವತ್ತು, ಐವತ್ತು ಅಡಿಗಳ ಎತ್ತರದಲ್ಲಿ, ಜಾರುವ ಕಾಂಡವನ್ನು ಕಾಲಿನ ತಳೆಯಿಂದ ಅಪ್ಪಿಕೊಂಡು, ಗೊನೆಯ ಒಳಸುತ್ತಿಗೂ ಔಷಧ ಬೀಳುವಂತೆ ಸಿಂಪಡಿಸುವವನ ಕೈಯಲ್ಲಿಯೇ ಅದರ ಸಾರ್ಥಕ್ಯವಿದೆ. ಈಚೆಗೆ ಕೆಲವರು ನೆಲದಿಂದಲೇ ಉದ್ದನೆಯ ದೋಟಿಯ ಮೂಲಕ ಔಷಧ ಹೊಡೆಸುತ್ತಿರುವರಾದರೂ, ಅದನ್ನು ಹಿಡಿಯುವುದಕ್ಕೂ ಪಳಗಿದ ಕೈಯೇ ಬೇಕು.

ಮೊದಲನೆಯ ಸಿಂಪರಣೆಯು ಮುಂಗಾರು ಹಿಡಿಯುವ ಮುನ್ನವೂ, ಎರಡನೆಯದು ಅಲ್ಲಿಂದ 40-45 ದಿನಗಳಲ್ಲಿಯೂ ಆಗಬೇಕು. ಮಳೆ ಬಿಡುವು ಕೊಡುವ ದಿನಗಳು ಕೆಲವೇ. ಆ ದಿನಗಳಲ್ಲಿ ಸೀಮೆಯ ಸಮಸ್ತ ತೋಟಗಾರರಿಗೂ ಅದೇ ನಾಲ್ಕಾರು ಮಂದಿ ಮರ ಹತ್ತುವವರು ಬೇಕು. ಹೀಗಿರುವಾಗ ಅವರು ಯಾರ ತೋಟಕ್ಕೆ ಮೊದಲು ಹೋಗುತ್ತಾರೆ? ಇಬ್ಬರು ಯಜಮಾನರನ್ನು ಊಹಿಸಿಕೊಳ್ಳೋಣ. ಇಬ್ಬರ ತೋಟವೂ ಎರಡೆರಡು ಎಕರೆ. ಇಬ್ಬರೂ ಕೊಡುವ ಕೂಲಿಯೂ ಸಮ. ಮೊದಲನೆಯವನು ಹೋದ ವರ್ಷದ ಕೊನೆಯ ಮೂರು ದಿನಗಳ ಕೂಲಿಯನ್ನು “ಅಡಿಕೆ ಮಾರಿದ ಮೇಲೆ” ಎಂದು ನಿಲ್ಲಿಸಿದ್ದಾನೆ. ಅವನ ಸಿಂಪರಣೆಯ ಪಂಪು ಸೋರುತ್ತದೆ. ಆಳು ಮರದ ಮೇಲಿರುವಾಗಲೇ ಕೆಳಗೆ ನಿಂತು ಗದರಿಸುತ್ತಾನೆ. ಎರಡನೆಯವನು ಲೆಕ್ಕವನ್ನು ಆಗಲೇ ಚುಕ್ತಾ ಮಾಡಿದ್ದಾನೆ. ಮೇ ತಿಂಗಳಲ್ಲಿಯೇ ಪಂಪನ್ನು ರಿಪೇರಿ ಮಾಡಿಸಿ ಇಟ್ಟಿದ್ದಾನೆ. ಸಂಜೆ ಮೈ ತೊಳೆಯಲು ಬಿಸಿನೀರು ಕಾಯಿಸಿರುತ್ತಾನೆ. ಮಳೆ ಬಿಟ್ಟ ದಿನ ಮರ ಹತ್ತುವವನು ಯಾರ ಬಾಗಿಲಿಗೆ ಬರುವನೆಂದು ವಾಚಕರಿಗೆ ಹೇಳಬೇಕಾದುದಿಲ್ಲ. ಮೊದಲನೆಯ ಯಜಮಾನನು ಆಗಸ್ಟ್ ತಿಂಗಳಿನಲ್ಲಿ ಮರದ ಬುಡದಲ್ಲಿ ಬಿದ್ದ ಕಾಯಿಗಳನ್ನು ನೋಡಿ, “ಆಳುಗಳೇ ಸಿಕ್ಕುವುದಿಲ್ಲ” ಎಂದು ಹಲುಬುವನು. ಆಳಿನ ಅಭಾವವೆಂಬುದು ಎಲ್ಲರಿಗೂ ಇರುವುದು ನಿಜ. ಆದರೆ ಅದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವೆಂಬುದೂ ಅಷ್ಟೇ ನಿಜ.

ಯಜಮಾನನು ಕೊಡಬೇಕಾದವುಗಳಲ್ಲಿ ಮೊದಲನೆಯದು ಹೊತ್ತಿಗೆ ಸರಿಯಾದ ಕೂಲಿ ಮತ್ತು ಸ್ಪಷ್ಟವಾದ ಲೆಕ್ಕ. ಕೂಲಿಯ ಮೊತ್ತಕ್ಕಿಂತಲೂ ಕೂಲಿಯ ಅನಿಶ್ಚಯವೇ ದುಡಿಯುವವನ ಮನಸ್ಸನ್ನು ಹೆಚ್ಚಾಗಿ ಕೆಡಿಸುವುದು. ಶನಿವಾರ ಸಂತೆಗೆ ಹೋಗಬೇಕಾದವನಿಗೆ ಸೋಮವಾರ ಕೊಟ್ಟ ಹಣವು ಅರ್ಧ ಬೆಲೆಯದು. ದಿನ, ಕೆಲಸ, ಕೂಲಿ, ಮುಂಗಡ, ಬಾಕಿ ಎಂಬ ಐದು ಕಲಮುಗಳುಳ್ಳ ಒಂದು ಸಣ್ಣ ಪುಸ್ತಕವನ್ನು ಪ್ರತಿಯೊಬ್ಬ ಆಳಿನ ಹೆಸರಿನಲ್ಲಿಯೂ ಇಟ್ಟು, ವಾರಕ್ಕೊಮ್ಮೆ ಅವನ ಎದುರಿಗೇ ಓದಿ ಹೇಳಿ, ಪ್ರತಿಯೊಂದನ್ನು ಅವನ ಕೈಯಲ್ಲಿಯೇ ಕೊಟ್ಟರೆ ಎಷ್ಟೋ ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಮುಂಗಡವನ್ನು ಕೊಡುವುದು ತಪ್ಪಲ್ಲ; ಕಷ್ಟಕಾಲದಲ್ಲಿ ಅದು ಉಪಕಾರವೇ ಸರಿ. ಆದರೆ ಆ ಮುಂಗಡವನ್ನು ತೋರಿಸಿ, ಬೇರೆಲ್ಲಿಗೂ ಹೋಗಬಾರದೆಂದು ಆಳನ್ನು ಹಿಡಿದಿಟ್ಟುಕೊಂಡರೆ, 1976ರಲ್ಲಿ ರದ್ದಾದ ಪದ್ಧತಿಯನ್ನೇ ಬೇರೆ ಹೆಸರಿನಿಂದ ನಡೆಸಿದಂತಾಗುವುದು. ಅದು ಶಾಸನಕ್ಕೂ ವಿರುದ್ಧ, ಧರ್ಮಕ್ಕೂ ವಿರುದ್ಧ.

ಹೆಣ್ಣಾಳುಗಳ ವಿಷಯವನ್ನು ಇಲ್ಲಿಯೇ ಹೇಳಬೇಕಾಗಿದೆ. ನಾಟಿ, ಕಳೆ ಕೀಳುವುದು, ಹತ್ತಿ ಬಿಡಿಸುವುದು, ಕಾಫಿ ಹಣ್ಣು ಕೊಯ್ಯುವುದು, ರೇಷ್ಮೆ ಹುಳುವಿಗೆ ಸೊಪ್ಪು ಕೊಡುವುದು, ಈ ಎಲ್ಲ ಸೂಕ್ಷ್ಮ ಕೆಲಸಗಳೂ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿಯೇ ಇವೆ. ಸಮಾನವಾದ ಕೆಲಸಕ್ಕೆ ಸಮಾನವಾದ ವೇತನವೆಂಬ ಶಾಸನವು 1976ರಲ್ಲಿಯೇ ಆಯಿತು. ಆದರೂ “ಹೆಣ್ಣಾಳು” ಎಂಬ ಮಾತಿನಿಂದಲೇ ಕೂಲಿಯನ್ನು ಇಳಿಸುವ ವಾಡಿಕೆಯು ಅನೇಕ ಕಡೆಗಳಲ್ಲಿ ಇನ್ನೂ ಅಳಿದಿಲ್ಲ. ಬೆಳಗ್ಗೆ ಮನೆಯ ಅಡಿಗೆಯನ್ನು ಮುಗಿಸಿ, ಮಗುವನ್ನು ಸೊಂಟದಲ್ಲಿ ಹೊತ್ತು ಗದ್ದೆಗೆ ಬರುವವಳಿಗೆ, ಬದುವಿನ ಮೇಲೆ ಮಗುವನ್ನು ಮಲಗಿಸಲು ಒಂದು ನೆರಳಿನ ಚಪ್ಪರ, ಅದನ್ನು ನೋಡಿಕೊಳ್ಳಲು ಒಬ್ಬ ಮುದುಕಿಗೆ ಅರ್ಧ ದಿನದ ಕೂಲಿ, ಇಷ್ಟನ್ನು ಒದಗಿಸಿದರೆ ಆಕೆಯ ಮನಸ್ಸು ಪೈರಿನ ಮೇಲೆ ನಿಲ್ಲುವುದು.

ಎರಡನೆಯದಾಗಿ, ಕೂಲಿಯನ್ನು ಕೊಡುವ ರೀತಿಯೇ ಕೆಲಸದ ಗುಣವನ್ನು ನಿರ್ಣಯಿಸುವುದೆಂಬುದನ್ನು ಯಜಮಾನರು ಅರಿಯಬೇಕು. ಕಾಫಿ ಹಣ್ಣನ್ನು ತೂಕದ ಮೇಲೆ ಕೊಯ್ಯಿಸಿದರೆ, ಕೊಯ್ಯುವವರು ಮಾಗಿದ ಹಣ್ಣಿನೊಂದಿಗೆ ಹಸಿರು ಕಾಯನ್ನೂ ಉದುರಿಸುವರು. ತೂಕಕ್ಕೆ ಹಣವಿದೆಯೇ ಹೊರತು ಬಣ್ಣಕ್ಕೆ ಹಣವಿಲ್ಲವಷ್ಟೆ! ಇದರಲ್ಲಿ ಆಳಿನ ದುರ್ಬುದ್ಧಿಯೇನೂ ಇಲ್ಲ. ಯಜಮಾನನು ಯಾವುದಕ್ಕೆ ಬೆಲೆ ಕಟ್ಟಿದನೋ ಅದನ್ನೇ ಅವನು ತಂದುಕೊಟ್ಟಿದ್ದಾನೆ. ಅಲ್ಲಲ್ಲಿ ಮಾಗಿದ ಹಣ್ಣನ್ನು ಆಯ್ದು ಕೊಯ್ಯುವ ಮೊದಲ ಸುತ್ತಿಗೆ ದಿನಗೂಲಿಯನ್ನು ಕೊಟ್ಟು, ಹಣ್ಣು ಒಟ್ಟಾಗಿ ಮಾಗಿದ ಮುಖ್ಯ ಕೊಯ್ಲಿಗೆ ತೂಕದ ಲೆಕ್ಕವನ್ನು ಇಟ್ಟು, ಹಸಿರು ಕಾಯಿ ಬೆರೆಯದ ಬುಟ್ಟಿಗೆ ಕಿಲೋಗ್ರಾಮಿಗೆ ಇಂತಿಷ್ಟು ಹೆಚ್ಚೆಂದು ಗೊತ್ತು ಮಾಡಿದರೆ, ಕೊಯ್ಯುವವರ ಕಣ್ಣು ತಾನಾಗಿಯೇ ಕೆಂಪು ಹಣ್ಣನ್ನು ಹುಡುಕುವುದು.

ಬತ್ತದ ನಾಟಿಯಲ್ಲಿಯೂ ಇದೇ ನ್ಯಾಯ. ಎಕರೆಗೆ ಇಷ್ಟೆಂದು ಗುತ್ತಿಗೆ ಕೊಟ್ಟರೆ ನಾಟಿಯು ಬೇಗ ಮುಗಿಯುವುದು, ಆದರೆ ಸಾಲು ವಿರಳವಾಗುವುದು; ದಿನಗೂಲಿಗೆ ಬಿಟ್ಟರೆ ಸಾಲು ನೆಟ್ಟಗಿದ್ದರೂ ದಿನಗಳು ಬೆಳೆಯುವುವು. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರು, ಗುಣಿಯಿಂದ ಗುಣಿಗೆ 10 ಸೆಂಟಿಮೀಟರು ಬಿಟ್ಟು ನಾಟಿ ಮಾಡಿದಲ್ಲಿ ಒಂದು ಚದರ ಮೀಟರಿನಲ್ಲಿ 50 ಗುಣಿಗಳು ಇರುವುವು. ಅರ್ಧ ಮೀಟರು ಉದ್ದ, ಅರ್ಧ ಮೀಟರು ಅಗಲದ ಒಂದು ಬಿದಿರಿನ ಚೌಕಟ್ಟನ್ನು ಕಟ್ಟಿ, ಗದ್ದೆಯ ನಾಲ್ಕಾರು ಕಡೆಗಳಲ್ಲಿ ಅದನ್ನು ಇಟ್ಟು ಎಣಿಸಿದರೆ, ಪ್ರತಿಯೊಂದರಲ್ಲಿಯೂ 12-13 ಗುಣಿಗಳು ಸಿಕ್ಕಬೇಕು. ಗುತ್ತಿಗೆಯ ಹಣದ ಜೊತೆಗೆ, ಈ ಎಣಿಕೆ ಸರಿಬಂದರೆ ಇಂತಿಷ್ಟು ಇನಾಮೆಂದು ಮೊದಲೇ ಹೇಳಿ, ಎಣಿಸುವ ಕೆಲಸವನ್ನು ನಾಟಿಯವರಲ್ಲಿಯೇ ಒಬ್ಬಾಕೆಗೆ ವಹಿಸಿದರೆ, ವೇಗವೂ ಗುಣವೂ ಎರಡೂ ದೊರೆಯುವುವು. ಬದುವಿನ ಮೇಲೆ ನಿಂತು ಕೂಗಾಡುವ ಶ್ರಮವೂ ಉಳಿಯುವುದು.

ಮೂರನೆಯದು ತಿಳಿವಳಿಕೆ. ಆಳಿಗೆ ಏನು ಮಾಡಬೇಕೆಂದು ಹೇಳುವವರು ಬಹುಮಂದಿ. ಏಕೆ ಮಾಡಬೇಕೆಂದು ಹೇಳುವವರು ಅತ್ಯಲ್ಪ. ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಬಹುದು. 1 ಕಿಲೋಗ್ರಾಂ ಮೈಲುತುತ್ತನ್ನು 50 ಲೀಟರು ನೀರಿನಲ್ಲಿ ಕರಗಿಸಿ, 1 ಕಿಲೋಗ್ರಾಂ ಸುಣ್ಣವನ್ನು ಬೇರೊಂದು ಪಾತ್ರೆಯಲ್ಲಿ 50 ಲೀಟರು ನೀರಿನಲ್ಲಿ ಕದಡಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸ್ವಲ್ಪಸ್ವಲ್ಪವಾಗಿ ಹುಯ್ಯುತ್ತ ಕಲಕಬೇಕು. ಉಜ್ಜಿ ಶುಭ್ರಮಾಡಿದ ಚಾಕುವಿನ ಅಲಗನ್ನು ಆ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ, ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ಇಲ್ಲವಾದರೆ ಎಳೆಯ ಗೊನೆಯು ಸುಟ್ಟುಹೋಗುವ ಸಂಭವವುಂಟು. ಈ ಪರೀಕ್ಷೆಯನ್ನು ಯಜಮಾನನು ಗುಟ್ಟಾಗಿ ಮಾಡಿಕೊಳ್ಳದೆ, ಚಾಕುವನ್ನು ಆಳಿನ ಕೈಗೇ ಕೊಟ್ಟು, ಕೆಂಪು ಹತ್ತಿದರೆ ಏನಾಗುವುದು, ಅದೇ ದಿನ ಮಾಡಿದ ದ್ರಾವಣವನ್ನು ಅದೇ ದಿನ ಏಕೆ ಮುಗಿಸಬೇಕು ಎಂಬುದನ್ನು ತಿಳಿಸಿದರೆ, ಆ ಮನುಷ್ಯನು ಅಂದಿನಿಂದ ಬರಿಯ ಆಳಾಗಿರದೆ ತೋಟದ ವೈದ್ಯನೇ ಆಗುವನು. ಯಜಮಾನನು ಊರಿನಲ್ಲಿ ಇಲ್ಲದ ದಿನವೂ ಕೆಲಸವು ಕೆಡದು.

ಆಳಿಗೆ ವಿದ್ಯೆಯನ್ನು ಕಲಿಸಿದರೆ ಅವನು ಬೇರೆಯವರಲ್ಲಿಗೆ ಹೋಗಿಬಿಡುವನೆಂಬ ಆತಂಕವು ಕೆಲವರಿಗುಂಟು. ಕಲಿತವನು ಹೋಗಬಹುದು, ಆದರೆ ಕಲಿಯದವನು ಉಳಿದುಕೊಂಡರೆ ಆಗುವ ನಷ್ಟವು ಅದಕ್ಕಿಂತ ದೊಡ್ಡದು. ಅದೂ ಅಲ್ಲದೆ, ಕಲಿಸಿದ ಮನೆಯನ್ನು ಮನುಷ್ಯನು ಸುಲಭವಾಗಿ ಬಿಡುವುದಿಲ್ಲ. ಅಡಿಕೆ ಮರವನ್ನು ಹತ್ತುವ ಕೌಶಲವನ್ನು ಯುವಕರಿಗೆ ಕಲಿಸುವ ಶಿಬಿರಗಳು ಈಚಿನ ವರ್ಷಗಳಲ್ಲಿ ಕರಾವಳಿಯಲ್ಲಿ ನಡೆದಿವೆ. ಅಂತಹವಕ್ಕೆ ತನ್ನ ಆಳನ್ನು ಕೂಲಿ ಕೊಟ್ಟು ಕಳುಹಿಸುವ ಯಜಮಾನನು ಜಾಣನೇ ಹೊರತು ದುಂದುಗಾರನಲ್ಲ.

ನಾಲ್ಕನೆಯದು ದೇಹರಕ್ಷಣೆ. ಇದರಲ್ಲಿ ತಪ್ಪಿದರೆ ಮಿಕ್ಕ ಮೂರನ್ನು ಕೊಟ್ಟೂ ಪ್ರಯೋಜನವಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಕೀಟನಾಶಕವನ್ನು ಸಿಂಪಡಿಸುತ್ತಿದ್ದ ರೈತರೂ ಕೂಲಿಕಾರರೂ ವಿಷವೇರಿ ನೂರಾರು ಮಂದಿ ಆಸ್ಪತ್ರೆಗಳಿಗೆ ಸೇರಿದರು. ಸುಮಾರು 20 ಮಂದಿ ಪ್ರಾಣವನ್ನೇ ಕಳೆದುಕೊಂಡರು. ಆಳೆತ್ತರಕ್ಕೆ ಬೆಳೆದ ಗಿಡಗಳ ನಡುವೆ, ಮುಖವಸ್ತ್ರ ಕೈಗವಸುಗಳಿಲ್ಲದೆ, ಬೆರಸಬಾರದ ವಿಷಗಳನ್ನು ಬೆರಸಿ ಹೊಡೆದುದು ಆ ಅನಾಹುತಕ್ಕೆ ಕಾರಣಗಳಾಗಿದ್ದುವು. ಅಂತಹುದು ಇಲ್ಲಿ ಆಗಲಾರದೆಂದು ಯಾವ ಯಜಮಾನನೂ ಧೈರ್ಯವಾಗಿ ಹೇಳಲಾರನು. ಗಾಳಿಗೆ ಎದುರಾಗಿ ಹೊಡೆಯಿಸಬಾರದು; ಬರಿಯ ಹೊಟ್ಟೆಯಲ್ಲಿ ಇರುವವನಿಗೆ ಪಂಪನ್ನು ಹೊರಿಸಬಾರದು; ವಿಷವನ್ನು ಕೈಯಿಂದ ಕಲಕಿಸಬಾರದು; ಕೈ ತೊಳೆಯದೆ ಬೀಡಿಯನ್ನಾಗಲಿ ಎಲೆಯಡಿಕೆಯನ್ನಾಗಲಿ ಮುಟ್ಟಗೊಡಬಾರದು. ಕೆಲಸ ಮುಗಿದ ಕೂಡಲೇ ಸಾಬೂನೂ ನೀರೂ ಸಿದ್ಧವಾಗಿರಬೇಕು. ಖಾಲಿಯಾದ ಡಬ್ಬಿಯು ಆಳಿನ ಮನೆಗೆ ನೀರಿನ ಪಾತ್ರೆಯಾಗಿ ಹೋಗದಂತೆ ನೋಡಿಕೊಳ್ಳುವುದೂ ಯಜಮಾನನ ಹೊಣೆಯೇ ಸರಿ.

ಮರದಿಂದ ಬಿದ್ದು ಸೊಂಟ ಮುರಿದುಕೊಂಡವನ ಸಂಸಾರವು ಬೀದಿಗೆ ಬರುವುದನ್ನು ಕಾಣದ ತೋಟದ ಸೀಮೆಯಿಲ್ಲ. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ, 18ರಿಂದ 70 ವರ್ಷದೊಳಗಿನ, ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಖಾತೆಯುಳ್ಳ ಯಾರೇ ಆಗಲಿ ಸೇರಬಹುದು. 2022ರ ಜೂನ್ ತಿಂಗಳಿಂದ ಇದರ ವಾರ್ಷಿಕ ಕಂತು 20 ರೂಪಾಯಿಗಳು. ಅಪಘಾತದಿಂದ ಮರಣ ಸಂಭವಿಸಿದರೆ ಅಥವಾ ಪೂರ್ಣವಾಗಿ ಅಂಗವಿಕಲತೆ ಉಂಟಾದರೆ 2 ಲಕ್ಷ ರೂಪಾಯಿಗಳೂ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ ರೂಪಾಯಿಗಳೂ ದೊರೆಯುವುವು. ಎರಡು ಲೋಟ ಕಾಫಿಯ ಬೆಲೆಗೆ ಸಿಕ್ಕುವ ಈ ರಕ್ಷೆಯನ್ನು ತನ್ನ ಆಳುಗಳಿಗೆ ಮಾಡಿಸಿಕೊಡದೆ, ಬಿದ್ದ ಮೇಲೆ ಕಣ್ಣೀರು ಸುರಿಸುವುದು ಯಾವ ದೊಡ್ಡತನ? ಹೊಸದಾಗಿ ಕೆಲಸಕ್ಕೆ ಬಂದವನನ್ನು ಬ್ಯಾಂಕಿಗೆ ಕರೆದೊಯ್ದು ಈ ಕಾಗದಕ್ಕೆ ರುಜು ಹಾಕಿಸಿದ ಮೇಲೆಯೇ ಮರ ಹತ್ತಿಸುವೆನೆಂಬ ನಿಯಮವನ್ನು ಪ್ರತಿಯೊಬ್ಬ ತೋಟಗಾರನೂ ಮಾಡಿಕೊಳ್ಳತಕ್ಕುದು.

ಐದನೆಯದಕ್ಕೆ ಒಂದು ಕಾಸೂ ಖರ್ಚಿಲ್ಲ, ಅದು ಮರ್ಯಾದೆ. ತನ್ನ ತಂದೆಯ ವಯಸ್ಸಿನವನನ್ನು “ಏನಲೇ, ಬಾರಲೇ” ಎಂದು ಕರೆಯುವುದು, ಮನೆಯ ಹಿಂಬಾಗಿಲಿನಲ್ಲಿ ಬೇರೆ ಲೋಟದಲ್ಲಿ ಕಾಫಿ ಹುಯ್ಯುವುದು, ಇವೆಲ್ಲ ಇನ್ನೂ ಕೆಲವು ಮನೆಗಳಿಂದ ತೊಲಗಿಲ್ಲವೆಂಬುದು ಲಜ್ಜೆಯ ಸಂಗತಿ. ಅಸ್ಪೃಶ್ಯತೆಯನ್ನು ರಾಜ್ಯಾಂಗವು 1950ರಲ್ಲಿಯೇ ನಿಷೇಧಿಸಿದೆ. ಶಾಸನದ ಭಯವಿರಲಿ, ಬೇರೆ ಲೋಟವನ್ನು ಕಂಡ ಯುವಕನು ಎಷ್ಟು ಕೂಲಿ ಕೊಟ್ಟರೂ ಮರುವರ್ಷ ಆ ಮನೆಯ ಹೊಸ್ತಿಲಿಗೆ ಬಾರನು. ಬಂದರೂ ಅವನ ಕೈ ಬರುವುದೇ ಹೊರತು ಮನಸ್ಸು ಬಾರದು. ಇದಕ್ಕೆ ವಿರುದ್ಧವಾಗಿ, “ಈ ಮೂಲೆಯ ಮರಗಳಿಗೆ ಏನಾಗಿದೆ, ನಿನಗೆ ಏನು ತೋರುತ್ತದಪ್ಪಾ?” ಎಂದು ಒಂದು ಮಾತು ಕೇಳಿ ನೋಡಬೇಕು. ದಿನವೂ ಆ ಮರಗಳ ನಡುವೆ ಇರುವವನಿಗೆ ಯಜಮಾನನ ಕಣ್ಣಿಗೆ ಬೀಳದ ಹತ್ತು ಸಂಗತಿಗಳು ತಿಳಿದಿರುವುವು. ಕೇಳುವವರಿಲ್ಲದೆ ಅವು ಅವನಲ್ಲಿಯೇ ಉಳಿದುಹೋಗುವುವು.

ಇಷ್ಟನ್ನೆಲ್ಲ ಓದಿದ ಸಣ್ಣ ಹಿಡುವಳಿದಾರರು, “ಬೆಳೆಗೇ ಬೆಲೆಯಿಲ್ಲದಿರುವಾಗ ಇದಕ್ಕೆಲ್ಲ ಹಣವೆಲ್ಲಿಂದ ತರುವುದು?” ಎಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಬೆಲೆ ಬಿದ್ದ ವರ್ಷದಲ್ಲಿ ಯಜಮಾನನ ಮನೆಯಲ್ಲಿಯೂ ಉಪವಾಸ ತಪ್ಪಿದ್ದಲ್ಲ. ಎರಡು ಎಕರೆಯ ಒಡೆಯನು ಅನೇಕ ವೇಳೆ ತಾನೇ ಮತ್ತೊಬ್ಬರ ಹೊಲದಲ್ಲಿ ಆಳಾಗಿರುವನು. ಆದರೆ ಮೇಲೆ ಹೇಳಿದ ಐದರಲ್ಲಿ ಲೆಕ್ಕದ ಪುಸ್ತಕ, ತಿಳಿವಳಿಕೆ, ಮರ್ಯಾದೆ ಈ ಮೂರಕ್ಕೆ ಹಣವೇ ಬೇಡ. ಮಿಕ್ಕವುಗಳಿಗೆ ಬೇಕಾಗುವ ಹಣವು, ಒಂದು ಸಿಂಪರಣೆ ತಪ್ಪಿದ್ದರಿಂದ ಉದುರುವ ಅಡಿಕೆಯ ಬೆಲೆಯ ಮುಂದೆ ಅಲ್ಪವೇ ಸರಿ. ಅಷ್ಟನ್ನೂ ಒಬ್ಬನೇ ಹೊರಲಾರದಿದ್ದರೆ ನಾಲ್ವರು ಸೇರಿ ಹೊರಬಹುದು. ಹಿಂದೆ ಮುಯ್ಯಾಳಿನ ಪದ್ಧತಿಯಿಂದ ಒಬ್ಬರ ಹೊಲಕ್ಕೆ ಮತ್ತೊಬ್ಬರು ದುಡಿದುಕೊಡುತ್ತಿದ್ದ ಗ್ರಾಮಗಳಿಗೆ ಇದು ಹೊಸ ಪಾಠವಲ್ಲ.

ಗ್ರಾಮದ ಮುಖಂಡರ ಕರ್ತವ್ಯವು ಇಲ್ಲಿ ಪ್ರಾರಂಭವಾಗುವುದು. ವಂಶಪಾರಂಪರ್ಯವಾದ ಪಟೇಲಿಕೆಯು 1961ರ ಶಾಸನದಿಂದ ರದ್ದಾಗಿದ್ದರೂ, ಊರಿನಲ್ಲಿ ನಾಲ್ಕು ಜನರಿಂದ ಮಾತು ಕೇಳಿಸಿಕೊಳ್ಳುವ ಹಿರಿಯರು ಇದ್ದೇ ಇದ್ದಾರೆ. ಅಂತಹವರು ಮೇ ತಿಂಗಳಿನ ಮೊದಲ ವಾರದಲ್ಲಿ ಯಜಮಾನರನ್ನೂ ಕೆಲಸದವರನ್ನೂ ಒಂದೇ ಜಮಖಾನದ ಮೇಲೆ ಕೂಡಿಸಿ, ಯಾವ ತೋಟಕ್ಕೆ ಯಾವ ದಿನ ಸಿಂಪರಣೆಯೆಂಬ ಸರದಿಯನ್ನು ಗೊತ್ತು ಮಾಡಬಹುದು. ಕೂಲಿಯು ಸರ್ಕಾರವು ನಿಗದಿ ಮಾಡಿದ ಕನಿಷ್ಠ ವೇತನಕ್ಕೆ ಕಡಮೆಯಾಗದಂತೆ ನೋಡಬಹುದು. ಎರಡು ಒಳ್ಳೆಯ ಪಂಪುಗಳನ್ನೂ, ರಕ್ಷಣೆಯ ಉಡುಪುಗಳನ್ನೂ ಸಹಕಾರ ಸಂಘದ ಮೂಲಕ ತರಿಸಿ ಸರ್ವರ ಉಪಯೋಗಕ್ಕೆ ಇಡಬಹುದು. ವಿಮೆಯ ಕಾಗದಗಳನ್ನು ಒಂದೇ ದಿನದಲ್ಲಿ ಎಲ್ಲರಿಗೂ ಮಾಡಿಸಬಹುದು. ಬಾಕಿ ಕೂಲಿಯ ವ್ಯಾಜ್ಯವಿದ್ದರೆ ಮಳೆ ಬೀಳುವ ಮುನ್ನವೇ ತೀರಿಸಬಹುದು. ಒಂದು ಗ್ರಾಮವು ಹೀಗೆ ನಡೆದರೆ, ನೆರೆಯ ಗ್ರಾಮದ ಆಳುಗಳೂ ಅಲ್ಲಿಗೇ ಬರುವರು. ಆಗ ನೆರೆಯ ಗ್ರಾಮವೂ ವಿಧಿಯಿಲ್ಲದೆ ಅದೇ ದಾರಿಯನ್ನು ಹಿಡಿಯುವುದು.

ಗಾದೆಯನ್ನು ಮಾಡಿದವರು ಆಳನ್ನು ಹಳಿಯಲು ಅದನ್ನು ಮಾಡಿರಲಿಕ್ಕಿಲ್ಲ. ತಾನು ಮಾಡಿದ್ದು ಉತ್ತಮವಾಗುವುದೇಕೆ? ತನಗೆ ಫಲದಲ್ಲಿ ಪಾಲಿದೆ, ಕೆಲಸದ ಕಾರಣವು ತಿಳಿದಿದೆ, ಕೈಗೆ ಒಳ್ಳೆಯ ಉಪಕರಣವಿದೆ, ತನ್ನನ್ನು ಹೀಯಾಳಿಸುವವರು ಯಾರೂ ಇಲ್ಲ. ಇವುಗಳನ್ನೇ ಆಳಿಗೂ ಒದಗಿಸಿದರೆ ಆಳು ಮಾಡಿದ್ದೂ ಉತ್ತಮವೇ ಆಗುವುದರಲ್ಲಿ ಸಂದೇಹವಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಮಳೆಯು ಪ್ರಾರಂಭವಾಗಲಿದೆಯೆನ್ನುವಾಗ ಆಳನ್ನು ಹುಡುಕುತ್ತ ಹೊರಡುವುದಕ್ಕಿಂತ, ಕಳೆದ ವರ್ಷದ ಲೆಕ್ಕದ ಪುಸ್ತಕವನ್ನು ತೆರೆದು, ಯಾರಿಗೆ ಎಷ್ಟು ಬಾಕಿಯಿದೆಯೆಂದು ನೋಡಿ, ಅದನ್ನು ತಾನೇ ಅವರ ಮನೆಗೆ ಹೋಗಿ ಸಲ್ಲಿಸಿ ಬರುವುದು ಜಾಣ ಯಜಮಾನನು ಮಾಡತಕ್ಕ ಮೊದಲನೆಯ ಕೆಲಸವಾಗಿದೆ.